ಸಾಲಿನಲ್ಲಿ ಹನ್ನೆರಡನೆಯವಳು

“ಒಬ್ಬನೇ ಬಂದ್ರೂ ಊರು ತೋರಿಸ್ತೀರಾ? ಇಲ್ಲಾ, ಇವತ್ತು ರಜಾನಾ?”

ದನಿ ಬೆನ್ನ ಹಿಂದಿನಿಂದ ಬಂತು. ಲಿನೆಟ್ ತಕ್ಷಣ ತಿರುಗಲಿಲ್ಲ.

ಕೊಡೆಯ ಹಿಡಿಯ ಮೇಲೆ ಅವಳ ಬೆರಳುಗಳು ಬಿಗಿಯಾದವು. ಇಪ್ಪತ್ತೈದು ವರ್ಷ... ಅಷ್ಟು ವರ್ಷದಲ್ಲಿ ಮುಖ ಮರೆಯಬಹುದು, ನಡಿಗೆ ಮರೆಯಬಹುದು. ಕೆಲವು ದನಿಗಳು ಮಾತ್ರ ಕಿವಿಯೊಳಗೆ ಎಲ್ಲೋ ಮುದುರಿಕೊಂಡು ಕೂತೇ ಇರುತ್ತವೆ.

ತಿರುಗಿದಳು.

ಹೌದು. ರಸೆಲ್!

ಕೂದಲು ನರೆತಿತ್ತು. ಕನ್ನಡಕ ಬಂದಿತ್ತು. ಅದರ ಮೇಲೆಲ್ಲ ಮಳೆಹನಿ. ಆದರೆ ನಿಲ್ಲುವ ರೀತಿ ಅದೇ. ಹಿಂದೆ ಯಾರೋ ಬರುತ್ತಿದ್ದಾರೆ, ಅವರಿಗೆ ದಾರಿ ಬಿಡಬೇಕು ಎನ್ನುವವನಂತೆ ಒಂಚೂರು ಪಕ್ಕಕ್ಕೆ ಸರಿದು ನಿಲ್ಲುವುದು.

ಯಾರ್ಕ್ ನಗರದ ಚಿತ್ರಶಾಲೆಯ ಮುಂದಿನ ಚೌಕದಲ್ಲಿ ಅವರಿಬ್ಬರನ್ನು ಬಿಟ್ಟರೆ ಒಂದು ನರಪಿಳ್ಳೆಯೂ ಇರಲಿಲ್ಲ. ಮಾರ್ಚ್ ತಿಂಗಳ ಮಂಗಳವಾರ, ಬೆಳಗಿನ ಹತ್ತೂಕಾಲು. ಬಂದವರಿಗೆ ಊರು ತೋರಿಸುವ ಸ್ವಯಂಸೇವಕರಲ್ಲಿ ಲಿನೆಟ್ ಒಬ್ಬಳು. ಮಂಗಳವಾರ ಅವಳ ಸರದಿ. ಇಂಥ ಜಡಿಮಳೆಯಲ್ಲಿ ಯಾರು ಬಂದಾರು, ಇನ್ನೆರಡು ನಿಮಿಷ ನೋಡಿ ಮನೆಗೆ ಹೊರಟುಬಿಡೋಣ ಎಂದುಕೊಂಡಿದ್ದಳು.

“ಒಬ್ಬರು ಬಂದ್ರೂ ತೋರಿಸ್ತೀವಿ,” ಎಂದಳು. ತನ್ನ ದನಿ ಇಷ್ಟು ಸರಾಗವಾಗಿ ಹೊರಟಿದ್ದು ಅವಳಿಗೇ ಆಶ್ಚರ್ಯ. “ಅದು ನಮ್ಮ ಸಂಘದ ನಿಯಮ.”

“ಇಷ್ಟು ಮಳೆ ಇದ್ರೂ?”

“ಮಳೆ ಅಂತ ನಿಲ್ಲಿಸಿದ್ರೆ ಈ ಊರಲ್ಲಿ ವರ್ಷಕ್ಕೆ ನಾಲ್ಕೇ ದಿನ ಕೆಲಸ ಇರುತ್ತೆ.”

ಅವನು ನಕ್ಕ. ಆ ನಗು ಅರ್ಧದಲ್ಲೇ ನಿಂತಿತು.

“ಹೇಗಿದ್ದೀಯಾ, ಲಿನ್?”

“ಚೆನ್ನಾಗಿದ್ದೀನಿ. ನೀವು?”

“ನಾನೂ... ಚೆನ್ನಾಗಿದ್ದೀನಿ.” ಕನ್ನಡಕ ತೆಗೆದು ಒದ್ದೆ ಕೋಟಿನಿಂದಲೇ ಒರೆಸಿಕೊಂಡ. ಅದು ಇನ್ನಷ್ಟು ಮಸುಕಾಯಿತು. “ನಡೀರಿ ಮೇಡಂ. ನೀವು ಮುಂದೆ, ನಾನು ಹಿಂದೆ.”

ಎರಡು ಗಂಟೆಯ ನಡಿಗೆ. ಈ ಮನುಷ್ಯನ ಜೊತೆ. ನಿಯಮ ಮಾಡಿದವರಿಗೆ ಒಂದು ದಿನ ಹೀಗೂ ಆಗಬಹುದು ಎಂದು ಹೊಳೆದಿರಲಿಲ್ಲವೇನೋ!

*

ಹಳೆಯ ಮಠದ ಮುರುಕು ಗೋಡೆಗಳ ಮುಂದೆ ನಿಂತು ಅವಳು ಪಾಠ ಒಪ್ಪಿಸತೊಡಗಿದಳು. ಕಮಾನುಗಳು ಆಕಾಶಕ್ಕೆ ತೆರೆದಿದ್ದವು. ಹುಲ್ಲಿನ ಮೇಲೆ ಬಾತುಗಳು ಮಾತ್ರ ಖುಷಿಯಾಗಿದ್ದವು.

“ಇದನ್ನ ಕೆಡವಿಸಿದ್ದು ಯಾರು ಮೇಡಂ?” ರಸೆಲ್ ಕೇಳಿದ. ಇದೇ ಊರಲ್ಲಿ ಹುಟ್ಟಿ, ಇದೇ ಹುಲ್ಲಿನ ಮೇಲೆ ಚೆಂಡಾಡಿ ಬೆಳೆದವನು!

“ಎಂಟನೇ ಹೆನ್ರಿ,” ಎಂದಳು ಗಂಭೀರವಾಗಿ.

“ಯಾಕೆ?”

“ಮೂಲದಲ್ಲಿ ಹೆಂಡತಿ ಬಿಡೋ ವಿಷಯ. ಪೋಪ್ ಜೊತೆ ಜಗಳ ಆಯ್ತು. ಆಮೇಲೆ ಮಠಗಳಿಗೆ ಬಂತು.”

“ಹೆಂಡತಿ ಬಿಡೋಕೆ ಇಷ್ಟು ದೊಡ್ಡ ಕಟ್ಟಡ ಕೆಡವ್ಬೇಕಾ? ನನ್ನದು ಒಂದು ಅರ್ಜೀಲಿ ಮುಗೀತು.”

ನಗಬೇಕೋ ಬೇಡವೋ ಲಿನೆಟ್‌ಗೆ ತಿಳಿಯಲಿಲ್ಲ. “ಅಯ್ಯೋ... ನನಗೆ ಗೊತ್ತಿರಲಿಲ್ಲ.”

“ಹತ್ತು ವರ್ಷ ಆಯ್ತು ಬಿಡಿ. ಅವಳು ಚೆನ್ನಾಗಿದ್ದಾಳೆ. ನನ್ನ ಬಿಟ್ಟ ಮೇಲೆ ಇನ್ನೂ ಚೆನ್ನಾಗಿದ್ದಾಳೆ.” ಸ್ವಲ್ಪ ಹೊತ್ತು ಬಾತುಗಳನ್ನೇ ನೋಡಿದ. “ಕೀತ್ ವಿಷಯ ಗೊತ್ತಾಯ್ತು. ನಮ್ಮ ಪಾಲಿನ್ ಹೇಳಿದ್ಲು.”

ಪಾಲಿನ್ ಅವನ ತಂಗಿ. ಊರಾಚೆ ಇದ್ದಳು. ಎಲ್ಲರ ಸುದ್ದಿಯೂ ಅವಳ ಬಳಿ ಇರುತ್ತಿತ್ತು.

“ಹ್ಞೂಂ. ಮೂರು ವರ್ಷ.”

“ಒಂದು ಕಾರ್ಡ್ ಬರೆದೆ. ಕಳಿಸ್ಲಿಲ್ಲ. ನಾನ್ಯಾರು ಕಳಿಸೋಕೆ ಅನ್ನಿಸ್ತು.”

“ಪರವಾಗಿಲ್ಲ,” ಎಂದಳು ಲಿನೆಟ್. “ಬನ್ನಿ, ಕೋಟೆಗೋಡೆ ಹತ್ತೋಣ. ಮೆಟ್ಟಿಲು ಜಾರುತ್ತೆ, ನೋಡ್ಕೊಂಡು.”

ಪರವಾಗಿಲ್ಲ. ಮೂರು ವರ್ಷದಿಂದ ಅವಳು ಅತಿ ಹೆಚ್ಚು ಬಳಸಿದ ಪದ ಅದು. ಗಂಡ ಕೀತ್‌ನ ಮಣ್ಣಿನ ದಿನ ಬಂದವರೆಲ್ಲ ಅವಳ ಕೈ ಹಿಡಿದು, ಎಷ್ಟು ಗಟ್ಟಿ ಹೆಂಗಸು ನೀನು ಎಂದಿದ್ದರು. ಗಟ್ಟಿಯೇನೂ ಅಲ್ಲ. ಒಳಗೆ ಯಾವುದೋ ಒಂದು ಭಾಗ ಜೋಮು ಹಿಡಿದ ಕಾಲಿನಂತಾಗಿತ್ತು. ಇದೆ ಎಂದು ಗೊತ್ತು. ನೆಲ ಮುಟ್ಟಿದ್ದು ಗೊತ್ತಾಗುವುದಿಲ್ಲ. ಅವಳು ಅತ್ತಿರಲಿಲ್ಲ. ಅಳು ಬರಲಿಲ್ಲ, ಅಷ್ಟೆ.

ಸತ್ತು ನೂರಾರು ವರ್ಷವಾದ ರಾಜರ ಬಗ್ಗೆ ಮಾತಾಡುವುದು ಸುಲಭವಾಗಿತ್ತು. ಅದಕ್ಕೇ ಈ ಕೆಲಸ ಹಿಡಿದಿದ್ದಳು.

*

ಗೋಡೆಯ ಇಳಿಜಾರಿನ ತುಂಬ ಡ್ಯಾಫೊಡಿಲ್ ಹೂಗಳು ಮಳೆಯ ಏಟಿಗೆ ತಲೆ ತಗ್ಗಿಸಿ ನಿಂತಿದ್ದವು. ಅತ್ತ ಊರಿನ ದೊಡ್ಡ ಚರ್ಚು ಮಿನ್‌ಸ್ಟರ್‌ನ ಗೋಪುರಗಳು ಅರ್ಧಕ್ಕರ್ಧ ಮೋಡದೊಳಗೆ.

ಈ ಗೋಡೆಯ ಮೇಲೆ ಅವರು ಎಷ್ಟು ಭಾನುವಾರ ನಡೆದಿರಲಿಲ್ಲ! ಆಗ ಲಿನೆಟ್ ಚಾಕಲೇಟು ಕಾರ್ಖಾನೆಯ ಕಚೇರಿಯಲ್ಲಿದ್ದಳು. ರಸೆಲ್ ರೈಲು ಡಬ್ಬಿ ಕಟ್ಟುವ ಕಾರ್ಖಾನೆಯಲ್ಲಿ. ಶನಿವಾರ ಅವಳು ಒಡೆದ ಚಾಕಲೇಟಿನ ಪೊಟ್ಟಣ ತರುತ್ತಿದ್ದಳು. ಭಾನುವಾರ ಒಂದೇ ರೇನ್‌ಕೋಟನ್ನು ಇಬ್ಬರ ತಲೆಯ ಮೇಲೂ ಹಿಡಿದುಕೊಂಡು ತಿನ್ನುತ್ತಾ ನಡೆಯುವುದು. ಗಾಳಿ ತಿರುಗಿದ ದಿನ ಇಡೀ ಊರಿಗೆ ಚಾಕಲೇಟಿನ ವಾಸನೆ. ಈಗ ಆ ವಾಸನೆ ಬರುವುದು ಅಪರೂಪ.

“ಇಲ್ಲಿ ನೀವು ಒಂದ್ಸಲ ಬಿದ್ದಿದ್ರಿ,” ಎಂದ ರಸೆಲ್.

“ಬಿದ್ದಿದ್ದು ನೀವು.”

“ನಾನಾ?”

“ನಾನು ಎತ್ತೋಕೆ ಬಂದೆ. ಅಷ್ಟರಲ್ಲಿ ಒಬ್ಬ ಮುದುಕಪ್ಪ ಆ ಕಡೆಯಿಂದ ಬಂದ್ರು. ಬಿದ್ದಲ್ಲಿಂದಲೇ ಅವರಿಗೆ ‘ಕ್ಷಮಿಸಿ, ದಾರಿಗೆ ಅಡ್ಡ ಬಿದ್ದಿದ್ದೀನಿ’ ಅಂದ್ರಿ.”

ರಸೆಲ್ ಗೋಡೆಗೆ ಕೈ ಕೊಟ್ಟು ನಿಂತು ನಕ್ಕ. ಲಿನೆಟ್ ಕೂಡ ನಗುತ್ತಿದ್ದಳು... ತಾನು ನಗುತ್ತಿದ್ದೇನೆ ಎಂದು ಗೊತ್ತಾದ ಕೂಡಲೇ ನಿಲ್ಲಿಸಿದಳು.

ಮರೆತೆಯಾ ಲಿನೆಟ್? ಇವನು ಅವತ್ತು ಬರಲಿಲ್ಲ.

*

ಗೋಡೆ ಇಳಿದು ಮಿನ್‌ಸ್ಟರ್ ಸುತ್ತಿ ಬಂದಾಗ ಎದುರಿಗೆ ಎರಡು ದಾರಿ. ಲಿನೆಟ್ ಬಲಗಡೆಯ ಓಣಿಯನ್ನು ಬಿಟ್ಟು ಎಡಕ್ಕೆ ತಿರುಗಿದಳು. ಪ್ರತಿ ಮಂಗಳವಾರವೂ ಹಾಗೆಯೇ. ಇಪ್ಪತ್ತು ಜನರಿದ್ದರೂ ಎಲ್ಲರನ್ನೂ ಎಡಕ್ಕೇ ಕರೆದೊಯ್ಯುತ್ತಿದ್ದಳು. ಯಾಕೆಂದು ಯಾರೂ ಕೇಳಿರಲಿಲ್ಲ.

ಬಲಗಡೆಯ ಓಣಿಯಲ್ಲಿ ಆಗ ಒಂದು ಟೀ ಅಂಗಡಿ ಇತ್ತು. ಈಗ ಅಲ್ಲಿ ಸಾಬೂನು ಮಾರುತ್ತಾರೆ.

ಆ ಏಪ್ರಿಲ್‌ನಲ್ಲಿ ರಸೆಲ್‌ಗೆ ಡರ್ಬಿ ಊರಿನ ಡಬ್ಬಿ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು. ಇಲ್ಲಿನದು ಮುಚ್ಚುವುದರಲ್ಲಿತ್ತು. ಅವನು ಮಂಡಿಯೂರಿ ಏನೂ ಕೇಳಲಿಲ್ಲ. ಅವನ ಜಾಯಮಾನವೇ ಅದಲ್ಲ. “ಶನಿವಾರ ನಾಲ್ಕು ಗಂಟೆಗೆ ಅಲ್ಲಿ ಟೀಗೆ ಬಾ. ಐದೂ ಇಪ್ಪತ್ತಕ್ಕೆ ನನ್ನ ರೈಲು. ನೀನು ಬಂದ್ರೆ, ನನ್ನ ಜೊತೆ ಡರ್ಬಿಗೆ ಬರೋಕೆ ಒಪ್ಪಿಗೆ ಅಂತ. ಬರದಿದ್ರೆ... ಉತ್ತರ ಗೊತ್ತಾಯ್ತು ಅಂದ್ಕೊಳ್ತೀನಿ. ಮತ್ತೆ ಕೇಳಿ ನಿನ್ನ ಪೇಚಿಗೆ ಸಿಕ್ಕಿಸಲ್ಲ,” ಎಂದಿದ್ದ.

ಅವಳು ಹೋಗಿದ್ದಳು! ನಾಲ್ಕಕ್ಕೆ ಹತ್ತು ನಿಮಿಷ ಇರುವಾಗಲೇ ಹೋಗಿದ್ದಳು. ಅಮ್ಮನಿಗೂ ಹೇಳಿ, ಹಸಿರು ಕೋಟು ತೊಟ್ಟು.

ಮಳೆ. ಶನಿವಾರ. ಅಂಗಡಿಯ ಬಾಗಿಲಿನಿಂದ ಓಣಿಯ ತಿರುವಿನವರೆಗೆ ಸಾಲು. ಅವಳ ಮುಂದೆ ಹನ್ನೊಂದು ಜನ. ಅವರಲ್ಲಿ ರಸೆಲ್ ಇರಲಿಲ್ಲ. ಇನ್ನೇನು ಬರುತ್ತಾನೆ, ಬರುವಷ್ಟರಲ್ಲಿ ನಾನು ಜಾಗ ಹಿಡಿದಿರುತ್ತೇನೆ ಎಂದು ಸಾಲಿನಲ್ಲಿ ನಿಂತಳು. ಕೊಡೆಯಡಿ ನಿಂತು ಓಣಿಯ ಎರಡೂ ತುದಿ ನೋಡಿದಳು. ಪಕ್ಕದ ಗಾಜಿನ ಕಿಟಕಿ ಒಳಗಿನ ಬಿಸಿಗೆ ಪೂರ್ತಿ ಬೆವೆತಿತ್ತು.

ನಾಲ್ಕೂವರೆ. ಐದು. ಅವಳ ಸರದಿ ಬಂದಾಗ ಐದೂ ಹತ್ತು. ಒಳಗೆಲ್ಲೂ ಅವನಿರಲಿಲ್ಲ. ಕಿಟಕಿ ಪಕ್ಕ ಆಗಷ್ಟೇ ಖಾಲಿಯಾದ ಮೇಜು ಕೊಟ್ಟರು. ಇಬ್ಬರಿಗೆ ಟೀ ಹೇಳಿ ಆರು ಗಂಟೆಯವರೆಗೆ ಕೂತಳು.

ಮನಸ್ಸು ಬದಲಾಯಿಸಿದ. ಎದುರಿಗೆ ಹೇಳುವ ಧೈರ್ಯ ಇರಲಿಲ್ಲ. ಸರಿ, ನಾನ್ಯಾಕೆ ಕೇಳಿಕೊಂಡು ಹೋಗಲಿ?

ಅವನ ಕಾಗದ ಬರಲಿಲ್ಲ. ಇವಳೂ ಬರೆಯಲಿಲ್ಲ. ನಾಲ್ಕು ವರ್ಷದ ನಂತರ ಸಿಟಿ ಬಸ್ಸಿನ ಚಾಲಕ ಕೀತ್‌ನನ್ನು ಮದುವೆಯಾದಳು.

*

“ನೋಡ್ರಪ್ಪಾ ಇವಳನ್ನ! ಇಂಥ ಮಳೇಲೂ ಒಬ್ಬನ್ನ ಹಿಡ್ಕೊಂಡು ಬಂದಿದ್ದಾಳೆ!”

ಸಂತೆಕಟ್ಟೆಯ ಟೀ ಅಂಗಡಿಯ ಬ್ರೆಂಡಾ. ಅರವತ್ತೈದರ ಗುಂಡನೆಯ ಹೆಂಗಸು. ಪ್ರತಿ ಮಂಗಳವಾರ ನಡಿಗೆ ಮುಗಿಸಿ ಲಿನೆಟ್ ಇಲ್ಲಿ ಟೀ ಕುಡಿಯುವುದು ರೂಢಿ. “ನಿಯಮದ ಪ್ರಕಾರ ನಿಮಗೆ ಕಾಸು ಕೊಡೋ ಹಾಗಿಲ್ಲ. ಟೀ ಕೊಡಿಸಬಹುದಾ?” ಎಂದು ರಸೆಲ್ ಕೇಳಿದಾಗ ಬೇಡವೆನ್ನಲು ಅವಳಿಗೆ ಕಾರಣ ಸಿಗಲಿಲ್ಲ. ಇಬ್ಬರ ಬೂಟಿನಲ್ಲೂ ನೀರು ಪಚಪಚ ಎನ್ನುತ್ತಿತ್ತು.

“ಕೂತ್ಕೊಳ್ಳಪ್ಪಾ ಬಂಗಾರ,” ಎಂದಳು ಬ್ರೆಂಡಾ ರಸೆಲ್‌ಗೆ. ಅವಳಿಗೆ ಲೋಕದ ಗಂಡಸರೆಲ್ಲ ಬಂಗಾರವೇ. “ಯಾವೂರು?”

“ಇದೇ ಊರು. ಈಗ ಡರ್ಬಿ.”

“ಇದೇ ಊರೋನು ಹಣೆಬರಹಕ್ಕೆ ಮಳೇಲಿ ಊರು ನೋಡೋಕೆ ಬಂದ್ಯಾ? ತಲೆ ನೆಟ್ಟಗಿದೆ ತಾನೆ?”

“ಮಳೆಗೇ ಕಾಯ್ತಿದ್ದೆ,” ಎಂದ ರಸೆಲ್.

ಬ್ರೆಂಡಾ ಒಮ್ಮೆ ಅವನನ್ನು, ಒಮ್ಮೆ ಲಿನೆಟ್‌ಳನ್ನು ನೋಡಿದಳು. ಏನು ಅರ್ಥವಾಯಿತೋ, ಎರಡು ದೊಡ್ಡ ಮಗ್ಗು ಟೀ, ಬೆಣ್ಣೆ ಸವರಿ ಕಾಯಿಸಿದ ಎರಡು ಟೀಕೇಕು ಇಟ್ಟು ತಟ್ಟೆ ತೊಳೆಯುವ ನೆಪದಲ್ಲಿ ಅತ್ತ ಹೋದಳು.

“ಮಳೆಗೆ ಕಾಯ್ತಿದ್ದೆ ಅಂದ್ರೆ?” ಲಿನೆಟ್ ಮಗ್ಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

“ಮಂಗಳವಾರ ನಿಮ್ಮ ಸರದಿ ಅಂತ ಪಾಲಿನ್ ಹೇಳಿದ್ಲು. ಐದು ಮಂಗಳವಾರ ಬಂದಿದ್ದೀನಿ. ಐದು ದಿನಾನೂ ಬಿಸಿಲು! ಚೌಕದ ತುಂಬ ಜನ. ಈ ಕಡೆ ನಿಂತು ನೋಡಿ ವಾಪಸ್ ರೈಲು ಹತ್ತಿದೆ. ಒಬ್ಬರೇ ಬಂದ್ರೂ ಕರ್ಕೊಂಡು ಹೋಗ್ಬೇಕು ಅನ್ನೋದು ನಿಮ್ಮ ನಿಯಮ ಅಂತೆ. ಸರಿ, ಇನ್ಯಾರೂ ಬರದ ದಿನ ಯಾವುದು ಅಂತ ಹವಾಮಾನ ನೋಡ್ತಾ ಕೂತೆ.”

“ಮನೆ ಬಾಗಿಲು ತಟ್ಟಬಹುದಿತ್ತು.”

“ಹಾಗೆ ಹೇಗೆ ತಟ್ಟೋದು, ಹೇಳದೆ ಕೇಳದೆ?” ಅವನು ನಿಜವಾಗಿಯೂ ಗಾಬರಿಯಾದ. “ನಿಮಗೆ ಬೇಡದಿದ್ರೆ?”

ಲಿನೆಟ್‌ಳ ಎದೆಯಲ್ಲಿ ಏನೋ ಕದಲಿತು. ಅವಳಿಗೆ ಹೆದರಿಕೆಯಾಯಿತು.

“ರಸೆಲ್... ಈಗ ಯಾಕೆ?”

ಅವನು ಟೀಕೇಕನ್ನು ನಾಲ್ಕು ತುಂಡು ಮಾಡಿದ. ಒಂದನ್ನೂ ತಿನ್ನಲಿಲ್ಲ.

“ಒಂದು ಮಾತು ಹೇಳೋಣ ಅಂತ. ಅವತ್ತು ನೀನು ಬರಲಿಲ್ಲ ಅಂತ ನನಗೆ ಕೋಪ ಇಲ್ಲ, ಲಿನ್. ಯಾವತ್ತೂ ಇರಲಿಲ್ಲ. ಅದು ನಿನಗೆ ಗೊತ್ತಿರಲಿ.”

ಲಿನೆಟ್ ಮಗ್ಗನ್ನು ಕೆಳಗಿಟ್ಟಳು.

“ನಾನು... ಬರಲಿಲ್ಲ?”

“ಮೂರು ಗಂಟೆಗೇ ಹೋದೆ. ಶನಿವಾರ ಅಲ್ವಾ, ಮೇಜು ಸಿಗಲ್ಲ ಅಂತ. ಕಿಟಕಿ ಪಕ್ಕದ್ದೇ ಸಿಕ್ತು. ನಾಲ್ಕಕ್ಕೆ ಇಬ್ಬರಿಗೆ ಟೀ ಹೇಳಿದೆ. ಆರಿಹೋಯ್ತು. ಇನ್ನೊಂದು ಹೇಳಿದೆ. ಹೊರಗೆ ನೋಡೋಣ ಅಂದ್ರೆ ಗಾಜೆಲ್ಲ ಹಬೆ. ಎದ್ದು ಬಾಗಿಲಿಗೆ ಬರೋಣ ಅಂದ್ರೆ ಮೇಜು ಇನ್ನೊಬ್ಬರಿಗೆ ಕೊಟ್ಬಿಡ್ತಾರೆ! ಆಮೇಲೆ ನೀನು ಬಂದ್ರೆ ಎಲ್ಲಿ ಕೂರ್ತೀಯ?” ಮೆಲ್ಲನೆ ನಕ್ಕ. “ಐದು ದಾಟಿತು. ಪಕ್ಕದ ಬಾಗಿಲಿಂದ ಸಂದಿಗೆ ಇಳಿದೆ. ಸ್ಟೇಷನ್ನಿಗೆ ಅದೇ ಹತ್ತಿರ ಅಂತ.”



ಕಿಟಕಿ ಪಕ್ಕದ ಮೇಜು. ಆಗಷ್ಟೇ ಖಾಲಿಯಾದದ್ದು. ಅವಳು ಕೂತಾಗ ಆ ಕುರ್ಚಿ ಇನ್ನೂ ಬೆಚ್ಚಗಿತ್ತೇ?

ಅವನು ಒಳಗೆ. ಅವಳು ಹೊರಗೆ. ಒಂದು ಗಂಟೆಗೂ ಹೆಚ್ಚು ಹೊತ್ತು! ನಡುವೆ ಇದ್ದದ್ದು ಒಂದು ಬೆವೆತ ಗಾಜು. ಬೆರಳಿನಿಂದ ಒಂದು ಗೀರು ಎಳೆದಿದ್ದರೆ ಸಾಕಿತ್ತು.

ಹೇಳು, ಈಗಲೇ ಹೇಳು! ನಾನು ಬಂದಿದ್ದೆ ಎಂದು ಹೇಳು!

ಬಾಯಿ ತೆರೆದಳು. ಆದರೆ ಕಣ್ಣ ಮುಂದೆ ಕೀತ್ ಬಂದು ನಿಂತ. ಬಸ್ಸಿನ ಸಮವಸ್ತ್ರದಲ್ಲಿ, ಮನೆಗೆ ಬಂದವನೇ ಬೂಟು ಬಿಚ್ಚುತ್ತಾ ಹಾಡು ಗುನುಗುವ ಕೀತ್. ಹದಿನೆಂಟು ವರ್ಷ ಬಾಳಿದವನು. ಈಗ ಈ ಮಾತು ಹೇಳಿದರೆ ಆ ಹದಿನೆಂಟು ವರ್ಷ ಏನಾಗುತ್ತದೆ? ಒಂದು ಬೆವೆತ ಗಾಜಿನಿಂದ, ಒಂದು ತಪ್ಪಿನಿಂದ ಹುಟ್ಟಿದ್ದು ಎಂದಾಗುವುದಿಲ್ಲವೇ? ಕೀತ್ ತಪ್ಪಾಗಿರಲಿಲ್ಲ. ಅವಳು ಅವನನ್ನು ಪ್ರೀತಿಸಿದ್ದಳು. ಸತ್ತವನು ಎದ್ದು ಬಂದು ತನ್ನ ಪರವಾಗಿ ಮಾತಾಡಲಾರ.

ಬಾಯಿ ಮುಚ್ಚಿದಳು.

ಅವಳ ಮೌನವನ್ನು ರಸೆಲ್ ತನಗೆ ತಿಳಿದಂತೆ ಅರ್ಥ ಮಾಡಿಕೊಂಡ. ಅದೇ ಅವನ ಹಳೆಯ ಚಾಳಿ.

“ಪೇಚಿಗೆ ಸಿಕ್ಕಿಸ್ಬಿಟ್ಟೆ,” ಎಂದ. “ಕ್ಷಮಿಸಿ. ಒಂದೂವರೆಗೆ ರೈಲಿದೆ. ಹೊರಡ್ತೀನಿ.”

*

ಲೆಂಡಲ್ ಸೇತುವೆಯವರೆಗೆ ಜೊತೆಯಲ್ಲಿ ನಡೆದರು. ನದಿ ಮಣ್ಣಿನ ಬಣ್ಣಕ್ಕೆ ತಿರುಗಿ ದಡದ ಬೆಂಚುಗಳ ಕಾಲು ಮುಟ್ಟುತ್ತಿತ್ತು.

“ನೀರು ಏರ್ತಿದೆ,” ಎಂದಳು ಲಿನೆಟ್.

“ಹೌದು. ನಾಳೆ ದಾರಿಗೆ ಬರಬಹುದು.”

“ಗುರುವಾರಕ್ಕೆ ಕಡಿಮೆ ಆಗುತ್ತಂತೆ.”

“ಒಳ್ಳೇದು.”

ಎರಡು ಹೃದಯ ಒಡೆಯುತ್ತಿರುವಾಗಲೂ ಹವಾಮಾನದ ಮಾತಾಡಬಲ್ಲ ಜನ ಅವರು.

ಸೇತುವೆಯ ಮೊದಲಲ್ಲಿ ಅವನು ನಿಂತ. ಕೈ ಮುಂದೆ ಚಾಚಿದ. ಅವಳು ಹಿಡಿದಳು. ಎರಡೂ ಕೈ ತಣ್ಣಗಿದ್ದವು.

“ತುಂಬ ಚೆನ್ನಾಗಿ ತೋರಿಸಿದ್ರಿ. ಆ ಮಠದ ಕತೆ ನನಗೆ ಗೊತ್ತೇ ಇರಲಿಲ್ಲ.”

“ಗೊತ್ತಿತ್ತು.”

“ಗೊತ್ತಿತ್ತು,” ಎಂದು ಒಪ್ಪಿಕೊಂಡ. ಮತ್ತೆ ತಲೆ ತಗ್ಗಿಸಿ ಹೇಳಿದ. “ನೀನು ಬರದೇ ಇದ್ದದ್ದೇ ಒಳ್ಳೇದಾಯ್ತು, ಲಿನ್. ಒಳ್ಳೆ ಮನುಷ್ಯ ಸಿಕ್ಕಿದ್ರು ನಿನಗೆ. ನನ್ನ ಬಗ್ಗೆ ಯೋಚನೆ ಮಾಡ್ಬೇಡ. ನಾನು ಯಾರಿಗೂ ಅಷ್ಟೊಂದು ಬೇಕಾದವನಲ್ಲ ಅನ್ನೋದು ಅವತ್ತೇ ಗೊತ್ತಾಯ್ತಲ್ಲ... ಅಭ್ಯಾಸ ಆಗಿದೆ. ಬರ್ಲಾ?”

“ಸರಿ. ಹೋಗಿ ಬನ್ನಿ.”

ಅವನು ಹೊರಟ. ಸೇತುವೆಯ ಆಚೆ ಸ್ಟೇಷನ್. ಈಚೆ ಅವಳ ಮನೆ.

ಅಷ್ಟೊಂದು ಬೇಕಾದವನಲ್ಲ! ಇಪ್ಪತ್ತೈದು ವರ್ಷ ಈ ಸುಳ್ಳನ್ನು ಹೊತ್ತುಕೊಂಡು ಬದುಕಿದನೇ? ಮದುವೆಯೊಳಗೂ ಅದನ್ನು ಹೊತ್ತುಕೊಂಡೇ ಹೋದನೇ? ಇನ್ನು ಮುಂದೆಯೂ?

ಅವಳ ಮುಂದೆಯೇ ನಿಲ್ದಾಣದಲ್ಲಿ ಒಂದು ಬಸ್ಸು ನಿಂತಿತ್ತು. ಮಗುವಿನ ಗಾಡಿ ತಳ್ಳುತ್ತಾ ಒಬ್ಬ ಹುಡುಗಿ ಕೈ ಬೀಸಿಕೊಂಡು ಓಡಿ ಬರುತ್ತಿದ್ದಳು. ಇನ್ನು ಹತ್ತು ಹೆಜ್ಜೆ... ಬಸ್ಸಿನ ಬಾಗಿಲು ಮುಚ್ಚಿತು. ಬಸ್ಸು ಹೊರಟೇಬಿಟ್ಟಿತು.

ಕೀತ್ ನಿಲ್ಲಿಸುತ್ತಿದ್ದ. ತಡವಾಯಿತೆಂದು ಮೇಲಿನವರು ಎಷ್ಟು ಬೈದರೂ ನಿಲ್ಲಿಸುತ್ತಿದ್ದ. “ಓಡಿ ಬರೋರನ್ನ ಕನ್ನಡೀಲಿ ನೋಡಿಯೂ ನೋಡದ ಹಾಗೆ ಹೋಗೋಕೆ ನನ್ನ ಕೈಲಾಗಲ್ಲ ಕಣೆ,” ಎನ್ನುತ್ತಿದ್ದ.

ಲಿನೆಟ್ ಅಲ್ಲೇ ನಿಂತಳು. ಕೀತ್‌ನ ಮರ್ಯಾದೆ ಕಾಯುತ್ತೇನೆಂದು ಒಬ್ಬನನ್ನು ಮಳೆಯಲ್ಲಿ ಹಾಗೆಯೇ ಬಿಟ್ಟು ಬಂದೆ ಎಂದರೆ ಕೀತ್ ಏನೆನ್ನುತ್ತಿದ್ದ? ಅವನ ಮುಖ ಅವಳಿಗೆ ಸ್ಪಷ್ಟವಾಗಿ ಕಂಡಿತು. ಅವನು ಒಪ್ಪುತ್ತಿರಲಿಲ್ಲ.

“ರಸೆಲ್!”

ಮಳೆಯ ಸದ್ದಿನಲ್ಲಿ ಅವನಿಗೆ ಕೇಳಿಸಲಿಲ್ಲ. ಅರ್ಧ ಸೇತುವೆ ದಾಟಿದ್ದ.

ನಲವತ್ತೊಂಬತ್ತು ವರ್ಷದ ಬಾಳಿನಲ್ಲಿ ಲಿನೆಟ್ ಬೀದಿಯಲ್ಲಿ ನಿಂತು ಕೂಗಿದವಳಲ್ಲ. ಇವತ್ತು ಕೂಗಿದಳು. ಇಡೀ ಸೇತುವೆ ತಿರುಗಿ ನೋಡುವ ಹಾಗೆ ಕೂಗಿದಳು!

“ರಸೆಲ್! ನಾನು ಬಂದಿದ್ದೆ! ಹೊರಗೆ ನಿಂತಿದ್ದೆ! ಸಾಲಿನಲ್ಲಿ!”

ಸಾಮಾನಿನ ಗಾಡಿ ಎಳೆಯುತ್ತಿದ್ದ ಒಬ್ಬ ಅಜ್ಜಿ ಅವನ ತೋಳು ಹಿಡಿದು ನಿಲ್ಲಿಸಿದಳು. “ಯಪ್ಪಾ, ನಿನ್ನನ್ನೇ ಕರೀತಿರೋದು. ಸಾಲಿನಲ್ಲಿ ನಿಂತಿದ್ರಂತೆ!”

ಅವನು ತಿರುಗಿದ. ನಿಂತಲ್ಲೇ ನಿಂತ. ಆಮೇಲೆ ಬಂದ, ಮೊದಲು ನಡೆದುಕೊಂಡು, ಆಮೇಲೆ ಓಡಿಕೊಂಡು. ದಾರಿಯಲ್ಲಿ ಇಬ್ಬರಿಗೆ ತಾಗಿದ. ಇಬ್ಬರಿಗೂ ಕ್ಷಮೆ ಕೇಳಿದ.

“ಏನಂದೆ?” ಏದುಸಿರು ಬಿಡುತ್ತಿದ್ದ.

“ನಾಲ್ಕಕ್ಕೆ ಹತ್ತು ನಿಮಿಷ ಇರುವಾಗಲೇ ಬಂದೆ. ನನ್ನ ಮುಂದೆ ಹನ್ನೊಂದು ಜನ. ನಾನು ಹನ್ನೆರಡನೆಯವಳು. ಒಳಗೆ ಬಂದಾಗ ಐದೂ ಹತ್ತು. ಆ ಕಿಟಕಿ ಮೇಜೇ ಕೊಟ್ರು, ರಸೆಲ್. ನಿನ್ನ ಮೇಜೇ! ಆರು ಗಂಟೆವರೆಗೆ ಕೂತಿದ್ದೆ.”

 ಅವನು ಕನ್ನಡಕ ತೆಗೆದ. ಒರೆಸಲಿಲ್ಲ.

“ಬಂದಿದ್ದೆಯಾ?”

“ಬಂದಿದ್ದೆ.”

“ಒಂದು ಸಲ ಒಳಗೆ ಇಣುಕಿ ನೋಡೋದಲ್ವಾ, ಲಿನ್...”

“ಸಾಲು ಮುರಿದು?”

ಅವನು ಯೋಚಿಸಿದ. ಪ್ರಾಮಾಣಿಕವಾಗಿಯೇ ಯೋಚಿಸಿದ.

“ಅದೂ ನಿಜ,” ಎಂದ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮೊದಲು ನಕ್ಕವರು ಯಾರೋ ಗೊತ್ತಿಲ್ಲ. ಬಗ್ಗಿ, ಸೇತುವೆಯ ಕಂಬಿ ಹಿಡಿದು, ಹೊಟ್ಟೆ ನೋಯುವಷ್ಟು ನಕ್ಕರು. ಮೂರ್ಖರು! ಸಭ್ಯಸ್ಥ ಮೂರ್ಖರು! ಅಜ್ಜಿ ತನ್ನ ಗಾಡಿ ಎಳೆದುಕೊಂಡು ಪಕ್ಕದಲ್ಲಿ ಹಾದು ಹೋಗುತ್ತಾ, “ದಾರಿ ಬಿಟ್ಟು ನಗ್ರಪ್ಪಾ,” ಎಂದಳು. ಇಬ್ಬರೂ ಒಟ್ಟಿಗೆ “ಕ್ಷಮಿಸಿ” ಎಂದರು. ಮತ್ತೆ ನಗು.

ನಗು ನಿಂತಾಗ ಅವನು ಅವಳ ಕೈ ಹಿಡಿದುಕೊಂಡಿದ್ದ.

“ಈ ಸಲ ಬಾಯಿಬಿಟ್ಟೇ ಕೇಳ್ತೀನಿ,” ಎಂದ. “ಮಂಗಳವಾರಕ್ಕೆ ಅಲ್ಲ, ಮಳೆಗೆ ಅಲ್ಲ. ನಿನಗೋಸ್ಕರ ಬರ್ಲಾ? ಬಾಗಿಲು ತಟ್ಲಾ?”

“ಇವತ್ತಿನ ರೈಲು?”

“ಗಂಟೆಗೊಂದು ಇದೆ. ನಾಳೆನೂ ಇರುತ್ತೆ.”

ಲಿನೆಟ್ ಕೈ ಬಿಡಿಸಿಕೊಳ್ಳಲಿಲ್ಲ. ಆದರೆ ಉತ್ತರವನ್ನೂ ಕೂಡಲೇ ಕೊಡಲಿಲ್ಲ. ನದಿಯ ಕಡೆ ನೋಡಿದಳು.

“ಒಂದು ಮಾತಿದೆ. ಕೀತ್ ತಪ್ಪು ಅಲ್ಲ, ರಸೆಲ್. ನಮ್ಮ ತಪ್ಪಿನ ಲೆಕ್ಕದಲ್ಲಿ ಅವನು ಬರಬಾರದು.”

“ಇಲ್ಲ. ಬರಲ್ಲ.”

“ನಾನು ಅವನ ವಿಷಯ ಮಾತಾಡ್ತೀನಿ. ಯಾವಾಗ ನೆನಪಾಗುತ್ತೋ ಆವಾಗ. ನೀನು ಸಹಿಸ್ಕೊಂಡು ಕೂರೋದಲ್ಲ... ಕೇಳ್ಬೇಕು.”

“ಕೇಳ್ತೀನಿ.”

“ಸುಮ್ಮನೆ ಮರ್ಯಾದೆಗೆ ಹೇಳ್ತಿದ್ದೀಯಾ?”

ರಸೆಲ್ ತೀರಾ ಸಾಮಾನ್ಯ ವಿಷಯ ಕೇಳುವವನಂತೆ ಕೇಳಿದ.

“ಟೀಗೆ ಎಷ್ಟು ಸಕ್ಕರೆ ಹಾಕ್ಕೊಳ್ತಿದ್ರು, ಕೀತ್?”

ಮೂರು ವರ್ಷದಲ್ಲಿ ಎಲ್ಲರೂ ಕೇಳಿದ್ದು ಅವನು ಹೇಗೆ ಹೋದ ಎಂದು. ಹೇಗಿದ್ದ ಎಂದು ಯಾರೂ ಕೇಳಿರಲಿಲ್ಲ.

“ಮೂರು,” ಎಂದಳು ಲಿನೆಟ್. “ಮೂರು ಚಮಚ! ಡಾಕ್ಟರು ಒಂದೇ ಅಂದಿದ್ರು. ನಾನು ಆ ಕಡೆ ತಿರುಗಿದ್ರೆ ಸಾಕು... ನನಗೆ ಸ್ಪೂನಿನ ಸದ್ದು ಕೇಳಿಸ್ತಿತ್ತು ರಸೆಲ್, ಕೇಳಿಸದ ಹಾಗೆ ಇರ್ತಿದ್ದೆ...”

ಕಣ್ಣೀರು ಹೇಳದೆ ಕೇಳದೆ ಬಂತು. ಬಿಸಿಯಾಗಿತ್ತು. ಕೆನ್ನೆಯ ಮೇಲೆ ಇಳಿದದ್ದು, ಗಲ್ಲದಿಂದ ತೊಟ್ಟಿಕ್ಕಿದ್ದು, ಎಲ್ಲವೂ ಅವಳಿಗೆ ಗೊತ್ತಾಯಿತು. ಒಳಗೆ ಎಲ್ಲವೂ ಚುಚ್ಚಿದಂತೆ ನೋಯುತ್ತಿತ್ತು. ನೋಯುತ್ತಿದೆ! ಅವಳು ಅದನ್ನು ತಡೆಯಲು ಹೋಗಲಿಲ್ಲ.

ರಸೆಲ್ ಅವಳ ಕೈಯಿಂದ ಕೊಡೆ ತೆಗೆದುಕೊಂಡು ಅವಳ ಮೇಲೆ ಹಿಡಿದ. ಅವನ ಬೆನ್ನೆಲ್ಲ ಮಳೆಯಲ್ಲಿತ್ತು.

“ಆಮೇಲೆ?” ಎಂ​ದ ಮೆಲ್ಲಗೆ. “ಹೇಳು ಲಿನ್. ಆಮೇಲೆ?”